ಎರಡನೇ ಪಿನ್ನು, ಮೂರನೇ ಪಿನ್ನು

ನನ್ನ ಮೇಜಿನ ಮೇಲೆ ಒಂದು ಬೂದು ಬಣ್ಣದ ವೈರು ಬಿದ್ದಿದೆ. ಮೂರು ಮೊಳ ಉದ್ದ ಇರಬಹುದು. ನಡುವೆ ಒಂದು ಕಡೆ ಕತ್ತರಿಸಿ, ಒಳಗಿನ ಎಳೆಗಳನ್ನು ಹೊಸೆದು, ಮೇಲೆ ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರ್ ಸುತ್ತಿದೆ. ಮನೆಗೆ ಬಂದವರು ಇದಕ್ಕೇನು ಪೆಟ್ಟಾಯಿತು ಎಂದು ಕೇಳುತ್ತಾರೆ. ಕೇಳದೆ ಇರುವವಳು ನನ್ನ ಹೆಂಡತಿ ಒಬ್ಬಳೇ. ಅವಳಿಗೆ ನನ್ನ ವೈರುಗಳ ಮೇಲೆ ಮದುವೆಯಾದ ವರ್ಷದಿಂದ ಸಿಟ್ಟು.

ಸಿಟ್ಟಿಗೆ ಕಾರಣವೂ ಇದೆ. ಕುಣಿಗಲ್ಲಿನ ನಮ್ಮ ಮನೆಯ ಅಟ್ಟದ ಮೇಲೆ ಒಂದು ಕಬ್ಬಿಣದ ಟ್ರಂಕಿದೆ. ಅವಳ ತವರಿನವರು ಸೀರೆ ತುಂಬಿಸಿ ಕೊಟ್ಟದ್ದು. ಸೀರೆಗಳು ಬೀರುವಿಗೆ ಹೋದ ಮರುದಿನವೇ ನಾನು ಅದಕ್ಕೆ ವೈರು ತುಂಬಿದೆ. ಎಲ್ಲೆಲ್ಲಿ ಯಾವ ಕಂಪ್ಯೂಟರ್ ಬಿಚ್ಚಿದರೂ ಅದರ ಬಾಲ ನನ್ನ ಚೀಲಕ್ಕೆ ಬರುತ್ತಿತ್ತು. ಮೊದಲು ತುಮಕೂರಿನ ಒಂದು ಸಣ್ಣ ಕಂಪ್ಯೂಟರ್ ಅಂಗಡಿಯಲ್ಲಿ ರಿಪೇರಿಯವನಾಗಿದ್ದೆ, ಆಮೇಲೆ ಪಾಲಿಟೆಕ್ನಿಕ್ ಒಂದರಲ್ಲಿ ಲ್ಯಾಬ್ ನೋಡಿಕೊಂಡು ನಿವೃತ್ತನಾದೆ. ಹೀಗಾಗಿ ವೈರಿಗೆ ಬರ ಬರಲಿಲ್ಲ. "ರೀ, ಸೀರೆ ಇಟ್ಟಿದ್ರೆ ನುಸಿ ಆದ್ರೂ ತಿಂತಿತ್ತು. ಇದನ್ನ ನುಸೀನೂ ಮುಟ್ಟಲ್ಲ," ಎಂಬುದು ಅವಳ ವಾರ್ಷಿಕ ಭಾಷಣ. ದೀಪಾವಳಿ ಹತ್ತಿರ ಬಂದಾಗ, ಮನೆ ಧೂಳು ಹೊಡೆಯುವಾಗ, ತಪ್ಪದೆ ನಡೆಯುತ್ತದೆ.

ಹೋದ ತಿಂಗಳು ಒಂದು ಬೆಳಿಗ್ಗೆ ಹತ್ತು ಗಂಟೆಗೆ ತುಮಕೂರಿನಿಂದ ತಂಗಿ ಗಿರಿಜಾ ಫೋನ್ ಮಾಡಿದಳು. ಅವಳ ಫೋನು ಯಾವತ್ತೂ ತಿಂಡಿಯಿಂದ ಶುರುವಾಗುತ್ತದೆ. ಅವತ್ತು ತಿಂಡಿಯ ಮಾತೇ ಬರಲಿಲ್ಲ.

"ಅಣ್ಣ, ಶೈಲಂಗೆ ಅಪೆಂಡಿಕ್ಸ್ ಅಂತೆ. ಆಸ್ಪತ್ರೇಲಿದೀವಿ. ಇವತ್ತೇ ಆಪರೇಷನ್ ಆಗ್ಬೇಕಂತೆ. ಮತ್ತಿನ ಇಂಜೆಕ್ಷನ್ ಕೊಡೋ ಡಾಕ್ಟ್ರು ಹಿಂದೆ ಏನಾದ್ರೂ ತೊಂದ್ರೆ ಆಗಿತ್ತಾ ಅಂತ ಕೇಳಿದ್ರು. ಗುಬ್ಬೀಲಿ ಆಗಿದ್ದು ಹೇಳ್ದೆ. ಅವ್ರ ಮುಖಾನೇ ಬದಲಾಗೋಯ್ತು."

ಶೈಲಾ ಗಿರಿಜೆಯ ಒಬ್ಬಳೇ ಮಗಳು. ಗುಬ್ಬಿಯಲ್ಲಿ ಆದದ್ದು ನನ್ನ ಕಣ್ಣೆದುರಿನದೇ. ಮೂವತ್ತು ವರ್ಷದ ಹಿಂದಿನ ಮಾತು, ಅವಳಿಗಾಗ ಆರು ವರ್ಷ. ಟಾನ್ಸಿಲ್ ತೆಗೆಸಲು ಗುಬ್ಬಿಯ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಸೇರಿಸಿದ್ದೆವು. ಆಪರೇಷನ್ ಅರ್ಧ ಗಂಟೆಯಲ್ಲಿ ಮುಗಿಯಿತು, ಮಗುವಿಗೆ ಉಸಿರು ಮಾತ್ರ ವಾಪಸು ಬರಲಿಲ್ಲ. ಡಾಕ್ಟರು, ಅವರ ಕಾಂಪೌಂಡರು ಸರದಿಯ ಮೇಲೆ ಗಾಳಿಚೀಲ ಒತ್ತಿ ಒತ್ತಿ ಸಂಜೆಯವರೆಗೆ ಜೀವ ಹಿಡಿದಿಟ್ಟರು. ಸಂಜೆ ಮಗು ತಾನಾಗಿ ಉಸಿರಾಡಿತು. ಕೊಟ್ಟ ಮತ್ತಿನ ಔಷಧಿಗಳಲ್ಲಿ ಯಾವುದೋ ಒಂದು ಅವಳ ಮೈಗೆ ಒಗ್ಗಲಿಲ್ಲ ಎಂದಷ್ಟೇ ನಮ್ಮೆಲ್ಲರ ನೆನಪು. ಯಾವುದು ಎಂದು ಯಾರಿಗೂ ಗೊತ್ತಿಲ್ಲ.

ಅರಿವಳಿಕೆಯ ಡಾಕ್ಟರು ತಾವೇ ಫೋನ್ ತೆಗೆದುಕೊಂಡು ಮಾತಾಡಿದರು. ಹೆಣ್ಣುಮಗಳು, ಸಮಾಧಾನದ ದನಿ. "ಸಾರ್, ನಂಗೆ ಮೂರ್ನಾಲ್ಕು ಔಷಧಿ ಮೇಲೆ ಅನುಮಾನ ಇದೆ. ಈ ಸ್ಥಿತೀಲಿ ಎಲ್ಲಾನೂ ಬಿಟ್ಟು ಆಪರೇಷನ್ ಮಾಡೋದು ಕಷ್ಟ. ಹೆಸರು ಗೊತ್ತಾದ್ರೆ ಅದೊಂದು ಬಿಟ್ಟು ಧೈರ್ಯವಾಗಿ ಮಾಡ್ಬೋದು. ನನ್ ನಂಬರ್ ಕಳಿಸ್ತೀನಿ, ಐದು ಗಂಟೆ ತನಕ ಕಾಯ್ತೀನಿ. ಅದಕ್ಕಿಂತ ತಡ ಆದ್ರೆ ಒಳಗೇ ಒಡೆಯೋ ಭಯ."

ಗುಬ್ಬಿಯ ಡಾಕ್ಟರಿಗೆ ಈಗ ಎಂಬತ್ತೆರಡು. ನರ್ಸಿಂಗ್ ಹೋಮ್ ಮುಚ್ಚಿ ಎಷ್ಟೋ ವರ್ಷವಾಯಿತು, ಅವರಿಗೆ ತಮ್ಮ ಹೆಸರು ನೆನಪಿದ್ದರೆ ಹೆಚ್ಚು. ಕಾಗದದ ಕೇಸ್‌ಶೀಟುಗಳನ್ನು ಗೆದ್ದಲು ತಿಂದಿದೆ ಎಂದು ಕೇಳಿದ್ದೆ. ಆದರೆ ಗೆದ್ದಲು ತಿನ್ನಲಾರದ್ದು ಒಂದಿತ್ತು. ಆ ಡಾಕ್ಟರಿಗೆ ಯಂತ್ರದ ಹುಚ್ಚು. ಗುಬ್ಬಿಯಲ್ಲಿ ಯಾರೂ ಕಂಪ್ಯೂಟರ್ ಕಾಣದ ಕಾಲದಲ್ಲಿ ಯೂನಿಕ್ಸ್ ಎಂಬ ತಂತ್ರಾಂಶ ಹಾಕಿದ ದೊಡ್ಡ ಪೆಟ್ಟಿಗೆಯೊಂದನ್ನು ತರಿಸಿ, ದಿನದ ರೋಗಿಗಳ ವಿವರವನ್ನೆಲ್ಲ ರಾತ್ರಿ ಕೂತು ತಾವೇ ಟೈಪ್ ಮಾಡುತ್ತಿದ್ದರು. ಅದನ್ನು ಅಲ್ಲಿ ಕೂರಿಸಿಕೊಟ್ಟವನು ನಾನೇ.

ಅಟ್ಟ ಹತ್ತಿದೆ. ಹೆಂಡತಿ ಕೆಳಗೆ ಏಣಿ ಹಿಡಿದುಕೊಂಡಳು. ಟ್ರಂಕಿನಲ್ಲಿ ಕೈಗೆ ಸಿಕ್ಕ ಒಂದು ವೈರನ್ನು ಚೀಲಕ್ಕೆ ತುರುಕಿಕೊಂಡು ಹೊರಟೆ.

ಕುಣಿಗಲ್ಲಿನಿಂದ ತುಮಕೂರು, ಅಲ್ಲಿಂದ ಗುಬ್ಬಿ. ಗುಬ್ಬಿಯಲ್ಲಿ ಅವತ್ತು ಸಂತೆ ಇತ್ತು. ಬಸ್ಸಿನ ತುಂಬ ಖಾಲಿ ಚೀಲ, ಕೋಳಿ, ಜನ. ತೊಡೆಯ ಮೇಲೆ ಲ್ಯಾಪ್‌ಟಾಪು, ಅದರ ಮೇಲೆ ವೈರಿನ ಚೀಲ ಇಟ್ಟುಕೊಂಡು ಕೂತಿದ್ದ ನನ್ನನ್ನು ಪಕ್ಕದವರು ಕನಿಕರದಿಂದ ನೋಡಿ, "ಏನ್ ಸಾರ್, ಮೋಟ್ರು ಸುಟ್ಟೋಯ್ತಾ?" ಎಂದರು. ಹೌದೆಂದೆ. ಬೋರ್‌ವೆಲ್ಲಿನ ಕಷ್ಟವನ್ನು ಅವರು ಗುಬ್ಬಿಯವರೆಗೆ ಹೇಳಿದರು, ನಾನು ತಲೆಯಾಡಿಸುತ್ತ ಗಡಿಯಾರ ನೋಡಿದೆ. ನಡುವೆ ಗಿರಿಜಾ ಮೂರು ಸಲ ಫೋನ್ ಮಾಡಿದಳು. ಮೂರನೆಯ ಸಲ ನನಗೆ ತಡೆಯಲಿಲ್ಲ. "ಅಲ್ಲ ಕಣೇ, ಹೆತ್ತ ಮಗು ಸಾಯೋಕೆ ಬಿದ್ದಿತ್ತು. ಯಾವ ಔಷಧಿ ಅಂತ ಒಂದು ಮಾತು ಕೇಳಿ ಇಟ್ಕೋಬೇಕು ಅನ್ನೋ ಬುದ್ಧಿ ಗಂಡ ಹೆಂಡ್ತಿ ಇಬ್ರಿಗೂ ಇರ್ಲಿಲ್ವಾ?" ಎಂದೆ. ಅವಳು ಫೋನ್ ಇಟ್ಟಳು.

ನರ್ಸಿಂಗ್ ಹೋಮಿನ ಬಾಗಿಲು ತೆಗೆದವನು ಕಾಂಪೌಂಡರ್ ಸಿದ್ದಣ್ಣ, ಅವತ್ತು ಗಾಳಿಚೀಲ ಒತ್ತಿದವನೇ. ಎಪ್ಪತ್ತೈದು ದಾಟಿದ್ದಾನೆ. ಆಸ್ಪತ್ರೆ ಮುಚ್ಚಿದರೂ ದಿನಾ ಬಂದು ಕಸ ಗುಡಿಸಿ, ಮಹಡಿಯ ಮೇಲಿರುವ ಡಾಕ್ಟರಿಗೆ ಮಾತ್ರೆ ನುಂಗಿಸಿ ಹೋಗುತ್ತಾನೆ. ವಿಷಯ ಹೇಳಿದೆ.

"ನೆಪ್ಪೈತೆ ಕಣಪ್ಪ, ಆ ಕೂಸು. ಒತ್ತಿ ಒತ್ತಿ ನನ್ ಕೈ ಊದ್ಕಂಡಿತ್ತು. ಔಸ್ದಿ ಹೆಸ್ರು ನಂಗೆಲ್ಲಿ ಗೊತ್ತಾಯ್ತದೆ? ಡಾಕ್ಟ್ರು ಒಡಿ ಅಂದಿದ್ನ ಒಡ್ದು ಕೊಡ್ತಿದ್ದೆ."

ಯಾವುದಕ್ಕೂ ಇರಲಿ ಎಂದು ಮಹಡಿಗೆ ಹೋಗಿ ಡಾಕ್ಟರನ್ನೇ ಕೇಳಿದೆ. ಅವರು ನನ್ನ ಕೈ ಹಿಡಿದುಕೊಂಡು ಪ್ರೀತಿಯಿಂದ, "ಊಟ ಆಯ್ತಾ?" ಎಂದರು. ಎರಡನೆಯ ಸಲ ಕೇಳಿದ್ದಕ್ಕೂ ಅದೇ ಉತ್ತರ. ಕೆಳಗೆ ಬಂದೆ. ಎರಡೂವರೆಯಾಗಿತ್ತು.

ಕಂಪ್ಯೂಟರ್ ಕಾಂಪೌಂಡರ್ ರೂಮಿನ ಮೂಲೆಯಲ್ಲಿತ್ತು, ಗೋಡೆಗೆ ಮುಖ ಮಾಡಿ. ಅದರ ಮುಖ ಪೂರ್ವಕ್ಕೇ ಇರಬೇಕೆಂದು ಡಾಕ್ಟರು ಹಟ ಹಿಡಿದದ್ದು ನನಗೆ ನೆನಪಿದೆ. ಹೀಗಾಗಿ ಬಂದವರಿಗೆಲ್ಲ ಅದರ ಬೆನ್ನೇ ದರ್ಶನ. ಇದಕ್ಕೆ ಇವತ್ತಿನವುಗಳಂತೆ ಸ್ವಂತ ಪರದೆ ಇಲ್ಲ. ಟರ್ಮಿನಲ್ ಎಂಬ ಬೇರೆ ಪೆಟ್ಟಿಗೆ, ಅದಕ್ಕೊಂದು ಕೀಬೋರ್ಡು, ಎರಡಕ್ಕೂ ಕಂಪ್ಯೂಟರಿಗೂ ನಡುವೆ ಒಂದು ಉದ್ದನೆಯ ಕೇಬಲ್. ಟರ್ಮಿನಲ್ ಸತ್ತು ಹತ್ತು ವರ್ಷವಾಗಿ ಬೆಂಚಿನ ಮೇಲೆ ಮಲಗಿತ್ತು. ಕೇಬಲ್ಲನ್ನು ಇಲಿ ಕಡಿದಿತ್ತು. ಒಳಗಿನ ಡಿಸ್ಕನ್ನು ಕಿತ್ತು ಇನ್ನೊಂದಕ್ಕೆ ಹಾಕೋಣವೆಂದರೆ ಅಂಥ ಡಿಸ್ಕನ್ನು ಒಪ್ಪುವ ಯಂತ್ರ ಈಗ ಗುಜರಿಯಲ್ಲೂ ಸಿಗುವುದಿಲ್ಲ. ಉಳಿದದ್ದು ಒಂದೇ ದಾರಿ. ಅದರ ಬೆನ್ನಿಗಿರುವ, ಟರ್ಮಿನಲ್ಲಿನ ಕೇಬಲ್ ಚುಚ್ಚುವ ಸೀರಿಯಲ್ ಪೋರ್ಟಿಗೆ ನನ್ನ ಲಿನಕ್ಸ್ ಲ್ಯಾಪ್‌ಟಾಪನ್ನು ಜೋಡಿಸಿ, ನಾನೇ ಹೊಸ ಟರ್ಮಿನಲ್ ಎಂದು ಅದನ್ನು ನಂಬಿಸುವುದು.

"ಇದು ಆನ್ ಆಗತ್ತಾ ಸಿದ್ದಣ್ಣ?"

"ಆಗ್ದೇ ಏನು? ಸೋಮ್ವಾರ ಸೋಮ್ವಾರ ಅರ್ಧ ಗಂಟೆ ಹಾಕ್ತೀನಿ. ಡಾಕ್ಟ್ರು ಬುದ್ಧಿ ನೆಟ್ಗಿದ್ದಾಗ ಹೇಳಿದ್ರು, ಹಾಕ್ತಾ ಇರು, ಇಲ್ದಿದ್ರೆ ಹಿಡ್ಕಂಡ್ಬುಡ್ತದೆ ಅಂತ."

ಏನೂ ಕಾಣದ, ಏನೂ ಹೇಳದ ಒಂದು ಪೆಟ್ಟಿಗೆಯನ್ನು ಈ ಮನುಷ್ಯ ಹತ್ತು ವರ್ಷ ಪ್ರತಿ ಸೋಮವಾರ ಎಬ್ಬಿಸಿ ಮಲಗಿಸಿದ್ದಾನೆ. ನನಗೆ ಅವನ ಕಾಲಿಗೆ ಬೀಳುವ ಹಾಗಾಯಿತು. ಅಷ್ಟರಲ್ಲಿ ಅವನು ಇನ್ನೊಂದು ಮಾತು ಹೇಳಿದ. ನಾಲ್ಕು ಗಂಟೆಗೆ ಕರೆಂಟ್ ಹೋಗುತ್ತದೆ, ಲೈನ್ ಕೆಲಸ, ಮೊಬೈಲಿಗೆ ಮೆಸೇಜ್ ಬಂದಿದೆ, ಮತ್ತೆ ಬರುವುದು ಏಳಕ್ಕೆ. ನನ್ನ ಐದು ಗಂಟೆ ಅಲ್ಲಿಗೆ ನಾಲ್ಕಾಯಿತು.

ಸ್ವಿಚ್ ಹಾಕಿದೆವು. ಡಿಸ್ಕು ಕೀರಲು ದನಿಯಲ್ಲಿ ಅತ್ತು, ಆಮೇಲೆ ಒಂದೇ ಸಮ ಗುಂಯ್‌ಗುಟ್ಟಿತು. ಚೀಲದಿಂದ ವೈರು ತೆಗೆದು ಎರಡೂ ಕಡೆ ಚುಚ್ಚಿದೆ. ಹಳೆಯ ಪೋರ್ಟಿಗೆ ಅದು ಬಹಳ ಬಿಗಿಯಾಗಿ ಹೋಯಿತು, ಹಳೆಯ ಕಾಲದ ಗಟ್ಟಿ ಕೆಲಸ ಎಂದು ಮೆಚ್ಚಿಕೊಂಡೆ. ಲ್ಯಾಪ್‌ಟಾಪಿನಲ್ಲಿ ಪೋರ್ಟ್ ತೆರೆಯಲು ಹೋದರೆ ನಿನಗೆ ಅನುಮತಿ ಇಲ್ಲ ಎಂದಿತು. ನನ್ನದೇ ಲ್ಯಾಪ್‌ಟಾಪು. ಆ ಅನುಮತಿಯನ್ನು ನನಗೆ ನಾನೇ ಕೊಟ್ಟುಕೊಳ್ಳಬೇಕೆಂದು ಮುನ್ನೂರು ಹುಡುಗರಿಗಾದರೂ ಪಾಠ ಮಾಡಿದ್ದೇನೆ, ಆದರೂ ಅವತ್ತು ಹೊಳೆಯಲು ಐದು ನಿಮಿಷ ಹಿಡಿಯಿತು. ಪೋರ್ಟ್ ತೆರೆಯಿತು. ಪರದೆ ಕಪ್ಪಾಗಿತ್ತು. ಎಂಟರ್ ಒತ್ತಿದೆ. ಮತ್ತೆ ಒತ್ತಿದೆ. ಕಪ್ಪು.

ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದದ್ದು ತಪ್ಪು ನನ್ನ ಕಡೆಯೋ ಅವರ ಕಡೆಯೋ ಎಂಬುದನ್ನು. ಈ ವೈರಿನಲ್ಲಿ ಎರಡನೇ ಪಿನ್ನು, ಮೂರನೇ ಪಿನ್ನು ಎಂದು ಎರಡಿವೆ, ಒಂದು ಬಾಯಿ, ಒಂದು ಕಿವಿ. ಅವೆರಡನ್ನೂ ಒಂದಕ್ಕೊಂದು ತಾಗಿಸಿಬಿಟ್ಟರೆ ನಾವು ಟೈಪ್ ಮಾಡಿದ್ದು ನಮಗೇ ವಾಪಸು ಬರುತ್ತದೆ. ವೈರಿನ ಆ ತುದಿಯನ್ನು ಕಂಪ್ಯೂಟರಿನಿಂದ ಕಿತ್ತೆ, ಸಿದ್ದಣ್ಣ ತನ್ನ ಉಡಿದಾರದಲ್ಲಿದ್ದ ಸೇಫ್ಟಿಪಿನ್ನು ಬಿಚ್ಚಿಕೊಟ್ಟ. ತಾಗಿಸಿ 'ಗಿರಿಜಾ' ಎಂದು ಇಂಗ್ಲಿಷಿನಲ್ಲಿ ಒತ್ತಿದೆ. ಗಿರಿಜಾ ಎಂದು ಪರದೆಯ ಮೇಲೆ ಮೂಡಿತು. ನನ್ನ ಕಡೆ ಸರಿ ಇದೆ.

ಚಿಕ್ಕಂದಿನಲ್ಲಿ ನಮ್ಮೂರು ಚೇಳೂರಿನಲ್ಲಿ ನಾನೂ ಗಿರಿಜಾಳೂ ಬೆಂಕಿಪೊಟ್ಟಣದ ಟೆಲಿಫೋನ್ ಮಾಡಿದ್ದೆವು. ಹೂ ಕಟ್ಟುವ ದಾರ, ಅವಳು ಬಾವಿಯ ಕಟ್ಟೆಯ ಹತ್ತಿರ, ನಾನು ಹುಲ್ಲಿನ ಮೆದೆಯ ಹಿಂದೆ. ಅದು ಒಂದು ದಿನವೂ ಕೆಲಸ ಮಾಡಲಿಲ್ಲ. ನಾನು ಪೊಟ್ಟಣ ಬಾಯಿಗಿಟ್ಟಾಗ ಅವಳೂ ಬಾಯಿಗಿಟ್ಟಿರುತ್ತಿದ್ದಳು. ಇಬ್ಬರೂ ಬೇಸತ್ತು ಕಿವಿಗಿಟ್ಟರೆ ಇಬ್ಬರಿಗೂ ಗಾಳಿಯ ಸದ್ದು. ಕೊನೆಗೆ ಅವಳೇ ಓಡಿಬಂದು, "ನಾನ್ ಹೇಳೋದ್ ಕೇಳಲ್ಲ, ಬರೀ ನಿನ್ ಬಾಯೇ ಆಯ್ತು," ಎಂದು ದಾರ ಹರಿದು ಹಾಕಿದಳು.

ಈ ನೆನಪು ಬಂದದ್ದೇ ತಡ, ವೈರನ್ನು ತಿರುಗಿಸಿ ನೋಡಿದೆ. ಕಂಪ್ಯೂಟರಿಗೆ ಕಂಪ್ಯೂಟರ್ ಜೋಡಿಸುವಾಗ ವೈರು ಒಳಗೆ ಅಡ್ಡ ಹಾಯ್ದಿರಬೇಕು, ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ. ನಾನು ಅವಸರದಲ್ಲಿ ನೇರ ವೈರು ಎತ್ತಿಕೊಂಡು ಬಂದಿದ್ದೆ. ಒಂದು ಟ್ರಂಕು ವೈರಿನ ಒಡೆಯ, ಸರಿಯಾದ ಒಂದು ವೈರು ತರಲಿಲ್ಲ. ಸಿದ್ದಣ್ಣ ಆಪರೇಷನ್ನಿನ ಕತ್ತರಿ ತಂದ. ಕತ್ತರಿಸಿ, ಎರಡನೆಯದನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡನೆಯದಕ್ಕೆ ಹೊಸೆದೆ. ಅವನು ಪ್ಲಾಸ್ಟರ್ ಸುತ್ತಿದ. ಐವತ್ತು ವರ್ಷ ಗಾಯ ಕಟ್ಟಿದ ಕೈ, ನೀಟಾಗಿ ಸುತ್ತಿತು. ಮೂರು ಗಂಟೆ ಹತ್ತು ನಿಮಿಷ.

ಎಂಟರ್ ಒತ್ತಿದೆ. ಕಪ್ಪು.

ಬೆವರು ಕನ್ನಡಕದ ಮೇಲೆ ಬೀಳುತ್ತಿತ್ತು. ಗಿರಿಜಾ ಫೋನ್ ಮಾಡಿದಳು, ಎತ್ತಲಿಲ್ಲ. ಎತ್ತಿದರೆ ಹೇಳುವುದಕ್ಕೆ ಏನಿತ್ತು? ಮೊಬೈಲಿನ ಟಾರ್ಚ್ ಹಾಕಿ ಹಳೆಯ ಪೋರ್ಟನ್ನು ಹತ್ತಿರದಿಂದ ನೋಡಿದೆ. ಪಿನ್ನುಗಳಿರಬೇಕಾದ ಗುಳಿಯಲ್ಲಿ ಬಿಳಿ ಸಿಮೆಂಟು ಮೆತ್ತಿದ ಹಾಗಿತ್ತು.

"ಸಿದ್ದಣ್ಣ, ಏನಿದು?"

ಅವನು ಬಗ್ಗಿ ನೋಡಿ ಪೆಚ್ಚಾದ. "ಇಬೂತಿ ಕಣಪ್ಪ. ದಿನಾ ಪೂಜೆ ಮಾಡ್ತೀನಲ್ಲ, ಮೂರು ಬೆಳ್ಳು ಎಳೀತೀನಿ. ಮುಕ ಗೋಡೆ ಕಡೀಕೈತೆ, ಕೈ ಹೋಗಕಿಲ್ಲ. ಅದ್ಕೆ ಬೆನ್ನಿಗೇ ಎಳೀತಿದ್ದೆ."

ಹತ್ತು ವರ್ಷದ ವಿಭೂತಿ, ನೀರಿನಲ್ಲಿ ಕಲಸಿ ಎಳೆದದ್ದು, ಒಂದೊಂದು ಪದರವಾಗಿ ಕೂತು ಗಟ್ಟಿಯಾಗಿತ್ತು. ನಾನು ಮೆಚ್ಚಿಕೊಂಡ ಬಿಗಿ ಇದರದ್ದು. ಕೋಪ ನೆತ್ತಿಗೇರಿತು, ಅವನ ಮುಖ ನೋಡಿ ಇಳಿಯಿತು. ಇಂಜೆಕ್ಷನ್ ಸೂಜಿ ಮತ್ತು ಸ್ಪಿರಿಟ್ಟು ಅವನೇ ತಂದ. ಒಂದು ಪಿನ್ನು ಮುರಿದರೆ ಎಲ್ಲ ಮುಗಿದ ಹಾಗೆ. ಅವನು ನನ್ನನ್ನು ಪಕ್ಕಕ್ಕೆ ಸರಿಸಿ, "ಬುಡು, ನಾ ಮಾಡ್ತೀನಿ," ಎಂದು ಸೂಜಿ ಹಿಡಿದು ಕೂತ. ಮಕ್ಕಳ ಕಿವಿಯಿಂದ ಕಡಲೆ ತೆಗೆಯುವಷ್ಟು ಹುಷಾರಾಗಿ ಒಂದೊಂದೇ ಪಿನ್ನಿನ ಸುತ್ತ ಕೆರೆದ. ನಾನು ಗಡಿಯಾರ ನೋಡುತ್ತ ನಿಂತೆ. ಹದಿನೈದು ನಿಮಿಷ. ನನ್ನ ಜೀವನದಲ್ಲಿ ಅಷ್ಟು ಉದ್ದದ ಹದಿನೈದು ನಿಮಿಷ ಇನ್ನೊಂದಿಲ್ಲ.

ಮತ್ತೆ ಜೋಡಿಸಿ ಎಂಟರ್ ಒತ್ತಿದೆ. ಪರದೆಯ ಮೇಲೆ ಏನೋ ಬಂತು. ಅಕ್ಷರವಲ್ಲ, ಚುಕ್ಕಿ, ಚೌಕ, ತಲೆಕೆಳಗಾದ ಪ್ರಶ್ನೆ ಚಿಹ್ನೆ. ಆದರೂ ನನಗೆ ಕಣ್ಣಲ್ಲಿ ನೀರು ಬಂತು. ಪೆಟ್ಟಿಗೆ ಬದುಕಿದೆ, ಮಾತಾಡುತ್ತಿದೆ, ನನಗೆ ಅರ್ಥವಾಗುತ್ತಿಲ್ಲ ಅಷ್ಟೇ. ಇಬ್ಬರೂ ಒಂದೇ ವೇಗದಲ್ಲಿ ಮಾತಾಡಬೇಕು, ಇಲ್ಲದಿದ್ದರೆ ಹೀಗೆ. ಎಲ್ಲರೂ ಇಡುವ ವೇಗ ಸೆಕೆಂಡಿಗೆ ಒಂಬತ್ತು ಸಾವಿರದ ಆರುನೂರು ಬಿಟ್, ನಾನೂ ಅದನ್ನೇ ಇಟ್ಟಿದ್ದೆ. ಅದರ ಎರಡರಷ್ಟು ಮಾಡಿದೆ, ಕಸ ಇನ್ನೂ ಹೆಚ್ಚಾಯಿತು. ಆಗ ಹೊಳೆಯಿತು. ಡಾಕ್ಟರ ಕೋಣೆ ಆ ತುದಿಯಲ್ಲಿತ್ತು, ಕೇಬಲ್ ಬಹಳ ಉದ್ದ, ಜೋರು ವೇಗದಲ್ಲಿ ಅಕ್ಷರ ಒಡೆಯುತ್ತವೆಂದು ಅವತ್ತು ನಾನೇ ವೇಗ ಇಳಿಸಿದ್ದೆ. ಎರಡು ಸಾವಿರದ ನಾನೂರಕ್ಕೆ ಇಳಿಸಿದೆ. ಲಾಗಿನ್ ಎಂಬ ಇಂಗ್ಲಿಷ್ ಪದ ಅಚ್ಚುಕಟ್ಟಾಗಿ ಬಂದು ನಿಂತಿತು. ಮೂರೂ ನಲವತ್ತು.

ಒಳಗೆ ಹೋಗಲು ಹೆಸರು ಬೇಕು, ಗುಟ್ಟಿನ ಪದ ಬೇಕು. ಡಾಕ್ಟರಿಗೆ ನೆನಪಿಲ್ಲ, ನನಗೆ ಎಂದೂ ಗೊತ್ತಿರಲಿಲ್ಲ.

"ದಿನಾ ಬೆಳ್ಗೆ ನಾನೇ ಒತ್ತಿ ಇಡ್ತಿದ್ದೆ," ಎಂದ ಸಿದ್ದಣ್ಣ.

"ಏನ್ ಒತ್ತಿದ್ದೆ ಹೇಳು."

"ಹೇಳಕ್ಕೆ ಬರಕಿಲ್ಲ ಕಣಪ್ಪ. ನಂಗೆ ಇಂಗ್ಲಿಷ್ ಎಲ್ಲೈತೆ? ಬೆಳ್ಳಿಗೆ ಗೊತ್ತು."

ಲ್ಯಾಪ್‌ಟಾಪಿನ ಮೇಲೆ ಅವನ ಬೆರಳು ದಾರಿ ತಪ್ಪಿದವು. ಎರಡು ಸಲ ಸೋತ ಮೇಲೆ ಅವನು ಎದ್ದು ಬೆಂಚಿನ ಹತ್ತಿರ ಹೋಗಿ, ಸತ್ತ ಟರ್ಮಿನಲ್ಲಿನ ದಪ್ಪ ಕೀಬೋರ್ಡಿನ ಮುಂದೆ ನಿಂತು ಕಣ್ಣು ಮುಚ್ಚಿಕೊಂಡ. ಬೆರಳು ತಾವಾಗಿ ಓಡಿದವು. ಯಾವ ಗುಂಡಿ ಇಳಿಯಿತೆಂದು ನಾನು ನೋಡಿಕೊಂಡೆ. ಆ ಪದ ಇಲ್ಲಿ ಬರೆಯುವುದಿಲ್ಲ, ಅದು ಡಾಕ್ಟರ ಸ್ವಂತದ ವಿಷಯ. ಒತ್ತಿದೆ. ಬಾಗಿಲು ತೆರೆಯಿತು.

ಶೈಲಾ ಎಂಬ ಹೆಸರು ಹುಡುಕು ಎಂದೆ. ಗುಬ್ಬಿ ತಾಲ್ಲೂಕಿನಲ್ಲಿ ಎಷ್ಟು ಶೈಲಾಗಳಿದ್ದರು ಎಂಬುದು ನನಗೆ ಅವತ್ತು ತಿಳಿಯಿತು. ಆ ವೇಗದಲ್ಲಿ ಸಾಲುಗಳು ತೆವಳುತ್ತ ಬಂದವು. ಕಡಬದ ಶೈಲಾಗೆ ಜ್ವರ, ಇನ್ನಾವುದೋ ಊರಿನ ಶೈಲಾಗೆ ಹೆರಿಗೆ. ಟಾನ್ಸಿಲ್ ಎಂಬ ಪದವನ್ನೂ ಸೇರಿಸಿ ಮತ್ತೆ ಕೇಳಿದೆ. ಡಿಸ್ಕು ಕೀರಿತು, ನಿಂತಿತು, ಮತ್ತೆ ಕೀರಿತು. ಒಂದೇ ಒಂದು ಬಂತು. ಆ ಕಡತವನ್ನು ತೆರೆದೆ, ಪರದೆ ತುಂಬುವುದನ್ನೇ ಕಾದು, ಓದುವ ಗೊಡವೆಗೂ ಹೋಗದೆ ಮೊಬೈಲಿನಲ್ಲಿ ಫೋಟೋ ತೆಗೆದು ಅರಿವಳಿಕೆಯ ಡಾಕ್ಟರಿಗೆ ಕಳಿಸಿದೆ. ಹೋಯಿತೆಂಬ ಗುರುತು ಬಿದ್ದು ಒಂದು ನಿಮಿಷವಾಗಿರಬೇಕು, ಕರೆಂಟ್ ಹೋಯಿತು. ಡಿಸ್ಕಿನ ದನಿ ಇಳಿಯುತ್ತ ಇಳಿಯುತ್ತ ಅಡಗಿತು.

ಅವರ ಫೋನ್ ಕೂಡಲೇ ಬಂತು. "ಸಕ್ಸಿನೈಲ್‌ಕೋಲಿನ್. ಸಾರ್, ಅರ್ಜೆಂಟ್ ಕೇಸಿಗೆ ಮೊದಲು ಕೊಡೋದು ಇದನ್ನೇ. ಬೇರೆ ದಾರಿ ಕಾಣ್ದೆ ಇದನ್ನೇ ರೆಡಿ ಮಾಡಿಡಿ ಅಂತ ಸಿಸ್ಟರ್‌ಗೆ ಹೇಳಿಬಿಟ್ಟಿದ್ದೆ. ಈಗ ಬೇರೆ ಕೊಡ್ತೀನಿ. ಒಳಗೆ ಹೋಗ್ತಾ ಇದೀನಿ."

ಸಿದ್ದಣ್ಣ ನೆಲದ ಮೇಲೆ ಕೂತುಬಿಟ್ಟ. ನಾನೂ ಕೂತೆ. ಲ್ಯಾಪ್‌ಟಾಪು ತನ್ನ ಬ್ಯಾಟರಿಯಲ್ಲಿ ಉರಿಯುತ್ತಿತ್ತು, ಬಂದಿದ್ದ ಅಕ್ಷರಗಳು ಪರದೆಯ ಮೇಲೆ ಹಾಗೇ ಇದ್ದವು. ಈಗ ನಿಧಾನವಾಗಿ ಓದಿದೆ. ಡಾಕ್ಟರ ಇಂಗ್ಲಿಷಿನ ಕನ್ನಡ ಇಷ್ಟು. ಆರು ವರ್ಷದ ಹೆಣ್ಣುಮಗು. ಆ ಔಷಧಿ ಕೊಟ್ಟ ಮೇಲೆ ನಾಲ್ಕು ಗಂಟೆ ಕಾಲ ಸ್ವಂತ ಉಸಿರಿಲ್ಲ, ಕೈಯಿಂದಲೇ ಗಾಳಿ ಕೊಡಲಾಯಿತು. ಮುಂದೆಂದೂ ಇದನ್ನು ಕೊಡಕೂಡದು. ಕೊನೆಯ ಸಾಲು: ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆದು ಮಗುವಿನ ಸೋದರಮಾವನ ಕೈಗೆ ಕೊಟ್ಟು ವಿವರಿಸಿದ್ದೇನೆ, ಓದಿದವರು, ಜೋಪಾನವಾಗಿ ಇಡುವುದಾಗಿ ಹೇಳಿದ್ದಾರೆ.

ಗಿರಿಜೆಗೆ ಇರುವ ಅಣ್ಣ ನಾನೊಬ್ಬನೇ.

ನೆನಪಿಗಾಗಿ ತಡಕಾಡಿದೆ. ಡಾಕ್ಟರ ಮುಖ ಬರಲಿಲ್ಲ, ಚೀಟಿಯ ಬಣ್ಣ ಬರಲಿಲ್ಲ, ಏನೂ ಬರಲಿಲ್ಲ. ಜೇಬಿನಲ್ಲಿಟ್ಟಿರಬೇಕು. ಅಂಗಿ ಒಗೆಯಲು ಹೋಗಿರಬೇಕು. ಬಸ್ಸಿನಲ್ಲಿ ತಂಗಿಗೆ ಬುದ್ಧಿಯ ಬಗ್ಗೆ ಹೇಳಿದ ಮಾತು ಒಂದೊಂದೇ ನೆನಪಾಯಿತು. ಆರೂವರೆಗೆ ಅವಳ ಫೋನ್ ಬಂತು. ಆಪರೇಷನ್ ಆಯಿತು, ಶೈಲಾ ಕಣ್ಣು ಬಿಟ್ಟಳು, ಚೆನ್ನಾಗಿ ಉಸಿರಾಡುತ್ತಿದ್ದಾಳೆ ಎನ್ನುತ್ತ ಅಳುತ್ತಿದ್ದಳು. "ನೀನಿಲ್ದೆ ಇದ್ದಿದ್ರೆ ಏನ್ ಗತಿ ಅಣ್ಣ," ಎಂದಳು. ಚೀಟಿಯ ವಿಷಯ ಹೇಳಲು ನನಗೆ ಧೈರ್ಯವಾಗಲಿಲ್ಲ.

ಮರುದಿನ ಆಸ್ಪತ್ರೆಗೆ ಹೋದೆ. ನೆಂಟರ ಮುಂದೆ ಗಿರಿಜಾ ನನ್ನ ಸಾಹಸ ಹೇಳಿದ್ದೇ ಹೇಳಿದ್ದು, ನಾನು ಕಿಟಕಿಯ ಕಡೆ ನೋಡುತ್ತ ಕೂತೆ. ಆಮೇಲೆ ಅವಳು ನೆಂಟರನ್ನು ಕಳಿಸಿ, ಗಂಜಿ ತರಲು ಕೆಳಗೆ ಹೋದಳು. ಶೈಲಾ ನನ್ನನ್ನು ಹತ್ತಿರ ಕರೆದಳು. ಗಂಟಲಿಗೆ ಕೊಳವೆ ಹಾಕಿದ್ದರಿಂದ ದನಿ ಗೊಗ್ಗರಾಗಿತ್ತು. ದಿಂಬಿನ ಪಕ್ಕದಲ್ಲಿದ್ದ ಮೊಬೈಲನ್ನು ನನ್ನ ಕಡೆ ತಿರುಗಿಸಿದಳು. ನಾನು ತೆಗೆದ ಫೋಟೋ.

"ಡಾಕ್ಟ್ರು ಕಳ್ಸಿದ್ರು, ಯಾವಾಗ್ಲೂ ಇಟ್ಕೊಂಡಿರಿ ಅಂತ. ಪೂರ್ತಿ ಓದ್ದೆ," ಎಂದಳು.

"ಆ ಚೀಟಿ ಕಳೆದ್ಬಿಟ್ಟೆ ಕಣಮ್ಮ," ಎಂದೆ. "ಯಾವಾಗ ಅಂತಾನೂ ಗೊತ್ತಿಲ್ಲ."

ಅವಳು ಡ್ರಿಪ್ ಹಾಕದ ಕೈಯನ್ನು ಹೊದಿಕೆಯಿಂದ ಹೊರಗೆ ತಂದು ಚಾಚಿದಳು.

"ಅಮ್ಮಂಗೆ ಹೇಳಿಲ್ಲ. ಇನ್ನೊಂದು ಬರ್ಕೊಡಿ ಮಾವ. ಈ ಸಲ ನನ್ ಕೈಗೇ ಕೊಡಿ."